ಸಾಮಾಯಿಕ ಯಂತ್ರದ ಪಾಳಿ

ಹೊಳೆ ನೀರಿನ ಪಾಳಿಗೆ ಬಡಿದಾಡಿದವರ ಮಕ್ಕಳ ಕೈಗೆ ಒಂದು ಯಂತ್ರ ಕೊಟ್ಟು, ಕೂಡಿ ಬಳಸಿಕೊಳ್ಳಿ ಎಂದರೆ ಏನಾಗಬೇಕೋ ನಮ್ಮಲ್ಲಿ ಅದೇ ಆಯಿತು. ಈಗ ಹೀಗೆ ಹಗುರವಾಗಿ ಬರೆಯುತ್ತಿದ್ದೇನೆ. ಅವತ್ತು ಬೆಳಿಗ್ಗೆ ಜಮಖಂಡಿಯ ನಮ್ಮ ಕಾಲೇಜಿನ ಆ ಕೋಣೆಯ ಬಾಗಿಲು ತೆರೆದು ಯಂತ್ರದ ಗುಂಡಿ ಒತ್ತಿದಾಗ, ಹಸಿರು ದೀಪ ಹತ್ತಬೇಕಾದಲ್ಲಿ ಕೆಂಪು ದೀಪ ಹತ್ತಿತು. ಪರಿಶೀಲನೆಗೆ ಬರುವವರು ಆಗಲೇ ವಿಜಯಪುರ ಬಿಟ್ಟಾಗಿತ್ತು.

ಯಂತ್ರದ ಹೆಸರು ಎಕ್ಸ್-ರೇ ಡಿಫ್ರಾಕ್ಟೋಮೀಟರ್. ಹೆಸರಿಗೆ ಹೆದರಬೇಕಿಲ್ಲ. ಕಲ್ಲೋ ಮಣ್ಣೋ ಬೂದಿಯೋ, ಏನನ್ನಾದರೂ ನುಣ್ಣಗೆ ಅರೆದು ಚಿಕ್ಕ ತಟ್ಟೆಯಲ್ಲಿ ಒತ್ತಿ ಒಳಗಿಟ್ಟರೆ, ಅದರ ಮೇಲೆ ಎಕ್ಸ್-ರೇ ಬಿಟ್ಟು, ಅದರಲ್ಲಿ ಯಾವ ಯಾವ ಖನಿಜ ಇದೆ ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತದೆ. ಒಂದೊಂದು ಖನಿಜಕ್ಕೆ ಒಂದೊಂದು ಜಾಗದಲ್ಲಿ ಗೆರೆ ಮುಳ್ಳಿನ ಹಾಗೆ ಮೇಲೇಳುತ್ತದೆ. ಕೆಲಸ ಮಾಡುವಾಗ ಒಳಗಿನ ನಳಿಗೆ ಬಿಸಿಯಾಗುತ್ತದೆ. ಅದನ್ನು ತಣ್ಣಗಿಡಲು ಪಕ್ಕದಲ್ಲಿ ಫ್ರಿಜ್ಜಿನಷ್ಟು ಎತ್ತರದ ಚಿಲ್ಲರ್ ನಿಂತು ಒಂದೇ ಸಮನೆ ನೀರು ತಿರುಗಿಸುತ್ತಿರಬೇಕು. ನೀರಿನ ಓಟ ಕಡಿಮೆಯಾದರೆ ಯಂತ್ರ ಕೆಂಪು ದೀಪ ತೋರಿಸಿ ಕೆಲಸ ನಿಲ್ಲಿಸುತ್ತದೆ.

ನಮ್ಮಂಥ ಊರುಗಳ ಕಾಲೇಜಿಗೆ ಇಂಥದ್ದನ್ನು ಯಾರೂ ಸುಮ್ಮನೆ ಕೊಡುವುದಿಲ್ಲ. ನಾವು ನಾಲ್ಕು ಕಾಲೇಜಿನವರು, ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ, ಬೇರೆ ಬೇರೆಯಾಗಿ ಅರ್ಜಿ ಹಾಕಿ ಬೇರೆ ಬೇರೆಯಾಗಿಯೇ ಇಲ್ಲ ಎನಿಸಿಕೊಂಡಿದ್ದೆವು. ಕೊನೆಗೆ ಅನುದಾನ ಕೊಡುವವರೇ ಒಂದು ದಾರಿ ಹೇಳಿದರು: ನಾಲ್ವರೂ ಕೂಡಿ ಬನ್ನಿ, ಒಂದು ಯಂತ್ರ ಕೊಡುತ್ತೇವೆ, ನಾಲ್ವರೂ ಹಂಚಿಕೊಂಡು ಬಳಸಿ. ಸ್ವಲ್ಪ ಕಾಲದ ಮೇಲೆ ಬಂದು ನೋಡುತ್ತೇವೆ. ಹಂಚಿಕೆ ನಡೆದಿದ್ದರೆ ಯಂತ್ರ ನಡೆಸುವ ಖರ್ಚೂ ನಮ್ಮದು. ನಡೆಯದಿದ್ದರೆ ಅದನ್ನು ಬಿಚ್ಚಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಸಾಗಿಸುತ್ತೇವೆ. ನೆಲಮಹಡಿಯಲ್ಲಿ ಗಟ್ಟಿ ಕೋಣೆ ಇದ್ದದ್ದು ನಮ್ಮಲ್ಲಿ ಎಂಬ ಕಾರಣಕ್ಕೆ ಯಂತ್ರ ಜಮಖಂಡಿಗೆ ಬಂತು, ಅದರ ಉಸ್ತುವಾರಿ ಭೌತಶಾಸ್ತ್ರ ಕಲಿಸುವ ನನ್ನ ಕೊರಳಿಗೆ ಬಿತ್ತು.

ಹಂಚಿಕೊಳ್ಳುವುದು ಹೇಗೆ ಎಂದು ನಾವು ಯಾರನ್ನೂ ಕೇಳಲಿಲ್ಲ. ಅದೇನು ನಮಗೆ ಹೊಸದೇ? ನನ್ನ ತವರು ತುಬಚಿ ಕಡೆ. ಅಲ್ಲಿ ನಾಲ್ಕು ಮನೆಗೆ ಕೂಡಿ ಒಂದು ಬಾವಿ ಇದ್ದರೆ ಅದು ಸಾಮಾಯಿಕ ಬಾವಿ. ಸಾಮಾಯಿಕ ಬಾವಿಗೆ ಪಾಳಿ ಹಚ್ಚುತ್ತಾರೆ. ಪಾಳಿ ಇದ್ದವನೇ ಅವತ್ತಿನ ಒಡೆಯ. ಪಾಳಿ ಮುಗಿದವನು ತಿರುಗಿ ನೋಡಬಾರದು, ಬರುವವನು ಮೊದಲೇ ಬಂದು ಇಣುಕಬಾರದು. ಮನೆಯಲ್ಲಿ ಮದುವೆ ಇದ್ದರೂ ಅಕ್ಷತೆ ಹಾಕಿ ಓಡಿ ಹೋಗಿ ಹೊಲಕ್ಕೆ ನೀರು ತಿರುವಿ ಬರುತ್ತಾರೆಯೇ ಹೊರತು, ಪಾಳಿಯನ್ನು ಮತ್ತೊಬ್ಬರಿಗೆ ಬಿಡುವುದಿಲ್ಲ. ಯಂತ್ರಕ್ಕೂ ಹಾಗೆಯೇ ಪಾಳಿ ಹಚ್ಚಿದೆವು. ಒಂದು ವಾರ ಬೀಳಗಿ, ಒಂದು ವಾರ ಮುಧೋಳ, ಆಮೇಲೆ ಬನಹಟ್ಟಿ, ಆಮೇಲೆ ನಾವು. ಒಬ್ಬರ ವಾರದಲ್ಲಿ ಮತ್ತೊಬ್ಬರು ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಬಂದ ಗೆರೆಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು, ಕಂಪ್ಯೂಟರಿನಲ್ಲಿ ಗುರುತೂ ಉಳಿಯದಂತೆ ಅಳಿಸಿ ಹೋಗುತ್ತಿದ್ದರು. ಜಗಳವಿಲ್ಲದೆ ನಡೆದಿದೆ ಎಂದು ನಾವು ಬೀಗುತ್ತಿದ್ದೆವು.

ಪಾಳಿಯ ವಿಷಯದಲ್ಲಿ ಎಲ್ಲರಿಗಿಂತ ಬಿಗಿ ಮುಧೋಳದವರು. ಹೊಲಮನೆ ಕಂಡ ಮನುಷ್ಯ, ನನಗಿಂತ ಹಿರಿಯರು, ಇಸ್ತ್ರಿ ಮುರಿಯದ ಬಿಳಿ ಅಂಗಿ. ಸುಣ್ಣದಕಲ್ಲಿನ ಮೇಲೆಯೇ ಆಯುಷ್ಯ ಕಳೆದವರು. ಕಲ್ಲಿನ ಚೂರುಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಬರುತ್ತಿದ್ದರು. ಬನಹಟ್ಟಿಯವರು ನೇಕಾರರ ಮನೆಯ ಮಗ, ಎಳೆಗೆ ಹಚ್ಚುವ ಗಂಜಿಯ ಬಗ್ಗೆ ಏನೋ ಮಾಡುತ್ತಿದ್ದರು. ಬಹಳ ಮೆತ್ತಗಿನ ಮನುಷ್ಯ. ನಾಲ್ಕನೆಯವಳು ಬೀಳಗಿಯ ಹೆಣ್ಣುಮಗಳು. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಿಎಚ್.ಡಿ. ಮಾಡುತ್ತಿದ್ದಳು. ಹೊಳೆಯ ಹಿನ್ನೀರು ಬಿಟ್ಟುಹೋಗುವ ಹೂಳು, ಸಕ್ಕರೆ ಕಾರ್ಖಾನೆಯ ಬೂದಿ, ಎರಡನ್ನೂ ಕಲಸಿ ಇಟ್ಟಂಗಿ ಸುಡುವುದು ಅವಳ ಕೆಲಸ. ಇಟ್ಟಂಗಿ ಭಟ್ಟಿಯಿಂದ ಬಂದಾಗ ಚೆನ್ನಾಗಿರುತ್ತಿದ್ದವು. ಕೆಲವು ದಿನ ಕಳೆದು ಹಸಿ ಗಾಳಿ ತಾಗಿತೆಂದರೆ ಒಳಗಿನಿಂದಲೇ ಒಡೆಯುತ್ತಿದ್ದವು. ಯಾಕೆ ಒಡೆಯುತ್ತವೆ ಎಂದು ಗೊತ್ತಾಗದೆ ಅವಳ ಪ್ರಬಂಧ ನಿಂತುಬಿಟ್ಟಿತ್ತು. ಅವಳಿಗೆ ಕೊಟ್ಟ ಗಡುವು ಆ ವರ್ಷದ ಕೊನೆಗೆ ಮುಗಿಯುತ್ತಿತ್ತು. ಯಂತ್ರ ನಮ್ಮ ಕೈ ತಪ್ಪಿ ವಿಶ್ವವಿದ್ಯಾಲಯಕ್ಕೆ ಹೋದರೆ ನಮಗೆಲ್ಲ ಅವಮಾನ, ಅಷ್ಟೇ. ಅವಳಿಗೆ ಮಾತ್ರ ಅಲ್ಲಿಯ ಸಾಲಿನಲ್ಲಿ ನಿಂತು ಗಡುವು ದಾಟುತ್ತಿತ್ತು, ಇಷ್ಟು ವರ್ಷದ ದುಡಿಮೆ ನೀರಪಾಲಾಗುತ್ತಿತ್ತು.

ಹಿಂದಿನ ವರ್ಷ ಒಂದು ದಿನ ಅವಳು ಮುಧೋಳದವರ ವಾರದಲ್ಲಿ ಬಂದುಬಿಟ್ಟಿದ್ದಳು. ಬಿಸಿಲಲ್ಲಿ ಬೀಳಗಿಯಿಂದ ಬಸ್ಸು ಹಿಡಿದು, ಒಡೆದ ಇಟ್ಟಂಗಿಯ ಪುಡಿಯನ್ನು ಚೀಲದಲ್ಲಿಟ್ಟುಕೊಂಡು. ಮುಧೋಳದವರು ಬಾಗಿಲನ್ನು ಅರ್ಧ ತೆರೆದು ಅಡ್ಡ ನಿಂತರು.

"ಸರ್ರ, ಅರ್ಧಾ ತಾಸು ಕೊಡ್ರಿ ಸಾಕು. ಒಂದ ಸ್ಯಾಂಪಲ್ ಐತ್ರಿ," ಎಂದಳು.

"ತಂಗೀ, ಈ ವಾರ ಮುಧೋಳದ್ದು. ನಿಮ್ಮ ಪಾಳಿ ಬಂದಾಗ ಇಡೀ ದಿನ ಕುಂದರು, ಯಾರ ಬ್ಯಾಡಂತಾರ?"

"ನಮ್ಮ ಪಾಳಿ ಬರೂದು ಇನ್ನಾ ದೂರ ಐತ್ರಿ."

"ಪಾಳಿ ಅಂದ್ರ ಪಾಳಿನ ನೋಡವಾ. ಇವತ್ತ ನಿನಗ ಬಿಟ್ಟರ ನಾಳೆ ಮತ್ತೊಬ್ಬರು ಬರತಾರ."

ನಾನು ಎದುರಿನ ಕೋಣೆಯಿಂದ ನೋಡುತ್ತಿದ್ದೆ. ತಡೆಯಲಾಗದೆ ಎದ್ದು ಹೋಗಿ, "ಸರ್ರ, ಇದು ಕಾಲೇಜರಿ, ಕಬ್ಬಿನ ಹೊಲಾ ಅಲ್ಲ," ಎಂದೆ. "ಪಾಳಿ ಹಚ್ಚಿದವರೊಳಗ ನೀವೂ ಒಬ್ಬರಲ್ಲೇನ್ರಿ ಮೇಡಂ?" ಎಂದು ಅವರು ನನ್ನ ಬಾಯಿ ಮುಚ್ಚಿಸಿದರು. ಅವಳು ಒಂದು ಲೋಟ ನೀರು ಕುಡಿದು ಅದೇ ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದಳು. ನನಗೆ ಮೈಯೆಲ್ಲ ಉರಿದುಹೋಯಿತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಒಂದು ದಿನ ಈ ಮನುಷ್ಯ ನನ್ನ ಕೈಗೆ ಸಿಗುತ್ತಾರೆ ಎಂದು ಹಲ್ಲು ಕಡಿದು ಸುಮ್ಮನಾದೆ.

ಆ ದಿನ ಬಂತು ನೋಡಿ, ಪರಿಶೀಲನೆಯ ದಿನವೇ ಬಂತು.

ಆ ವಾರ ಪಾಳಿ ನಮ್ಮದು. ಆದರೆ ನಾನು ಯಂತ್ರ ಹಚ್ಚಿರಲೇ ಇಲ್ಲ. ಬರುವವರಿಗೆ ಚೆಂದ ಕಾಣಲಿ ಎಂದು ಗೋಡೆಗೆ ಬಣ್ಣ ಹೊಡೆಸುವುದು, ಕಿಟಕಿ ಒರೆಸುವುದು, ಇದರಲ್ಲೇ ದಿನ ಕಳೆದಿದ್ದೆ. ಮದುಮಗಳನ್ನು ಮರೆತು ಹಂದರ ಸಿಂಗರಿಸಿದ ಹಾಗೆ. ಕೆಂಪು ದೀಪ ಕಂಡವಳು ಚಿಲ್ಲರಿನ ಹಿಂಬದಿ ಬಿಚ್ಚಿ ನೀರು ಸೋಸುವ ಜಾಲರಿ ಎಳೆದೆ. ಅದರ ತುಂಬ ಗಂಜಿಯಂಥ ಬಿಳಿ ಲೋಳೆ. ಎರಡು ಬೆರಳಲ್ಲಿ ಉಜ್ಜಿ ನೋಡಿದೆ. ಇದು ನನಗೆ ಗೊತ್ತಿರುವ ಲೋಳೆ. ಮಳೆಗಾಲದಲ್ಲಿ ಹೊಳೆಗೆ ಕೆಂಪು ನೀರು ಬಂದಾಗ ತವರುಮನೆಯಲ್ಲಿ ಅವ್ವ ಕೊಡದ ನೀರಿನಲ್ಲಿ ಪಟಿಕದ ಹರಳು ತಿರುವುತ್ತಿದ್ದಳು. ನಮ್ಮ ಕಡೆ ಅದಕ್ಕೆ ತುರಟಿ ಎನ್ನುತ್ತೇವೆ. ಬೆಳಗಾಗುವಷ್ಟರಲ್ಲಿ ಮೇಲೆ ತಿಳಿ ನೀರು, ತಳದಲ್ಲಿ ಇದೇ ಲೋಳೆ. ಯಾರೋ ಯಂತ್ರಕ್ಕೆ ತುರಟಿ ಹಾಕಿದ ನೀರು ಕುಡಿಸಿದ್ದರು. ಅದು ಕುಡಿಯಬೇಕಾದದ್ದು ಡಿಸ್ಟಿಲ್ಡ್ ನೀರು, ಬ್ಯಾಟರಿಗೆ ಹಾಕುತ್ತಾರಲ್ಲ, ಅದು ಮಾತ್ರ.

ಅಷ್ಟರಲ್ಲಿ ಮೂವರೂ ಬಂದರು. ತಮ್ಮ ತಮ್ಮ ಸ್ಯಾಂಪಲ್ ತಮ್ಮ ತಮ್ಮ ಕೈಯಿಂದ ಹಚ್ಚಿ ತೋರಿಸಬೇಕೆಂದು ಪರಿಶೀಲನೆಯವರು ಎಲ್ಲರಿಗೂ ಹೇಳಿ ಕಳಿಸಿದ್ದರು. ನಾನು ಜಾಲರಿಯನ್ನು ಮುಧೋಳದವರ ಮುಖದ ಮುಂದೆ ಹಿಡಿದೆ.

"ಸರ್ರ, ಚಿಲ್ಲರಿಗೆ ನೀರ ಹಾಕಿದ್ರೇನು?"

"ಹಾಕೇನಿ. ನೀರ ಕೆಳಗ ಇಳದಿತ್ತು. ಇಲ್ಲಿ ಕ್ಯಾನ್ ಖಾಲಿ ಬಿದ್ದಿತ್ತು."

"ಯಾವ ನೀರ?"

ಅವರಿಗೆ ಸಿಟ್ಟು ಬಂತು. "ಕೊಳವಿ ಬಾವಿ ಸವಳ ನೀರ ಹಾಕ್ತೇನಂತ ತಿಳದೀರೇನು? ಮನ್ಯಾಗಿಂದ ಹೊಳಿ ನೀರ ತಂದೇನಿ. ತುರಟಿ ತಿರುವಿ ತಿಳಿ ಮಾಡಿದ್ದು. ಬಂದ ಬೀಗರಿಗೆ ಕುಡ್ಯಾಕ ಕೊಡೂದು ಅದನ ರೀ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊಳವೆಬಾವಿಯ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ, ಹೊಳೆ ನೀರು ಕಟ್ಟುವುದಿಲ್ಲ. ಅಷ್ಟರ ಮಟ್ಟಿಗೆ ಅವರ ಲೆಕ್ಕ ಸರಿಯೇ. ಯಂತ್ರವನ್ನು ಬೀಗರೆಂದು ತಿಳಿದು ಮನೆಯ ಒಳ್ಳೆಯ ನೀರನ್ನೇ ಕೊಟ್ಟಿದ್ದರು. ಡಿಸ್ಟಿಲ್ಡ್ ನೀರಿನ ಆ ಕ್ಯಾನು ಯಾರ ಪಾಳಿಯಲ್ಲಿ ಖಾಲಿಯಾಯಿತು ಎಂದು ನಾನು ಕೇಳಲಿಲ್ಲ. ಉತ್ತರ ತಿರುಗಿ ನನ್ನ ಬಾಗಿಲಿಗೇ ಬಂದೀತೆಂಬ ಅನುಮಾನವಿತ್ತು.

"ನನ್ನ ಪಾಳಿ ಮುಗಿಯೂತನಕ ಛಲೋ ನಡದೈತಿ. ಮುಂದಿಂದ ನನಗ ಗೊತ್ತಿಲ್ಲ," ಎಂದು ಅವರು ಮುಖ ತಿರುವಿದರು.

ಬನಹಟ್ಟಿಯವರು ನೆಲ ನೋಡುತ್ತ ಮೆಲ್ಲಗೆ ಅಂದರು, "ನಮ್ಮ ಪಾಳ್ಯಾಗ ಕೆಂಪ ದೀಪ ಒಂದ್ಸಲ ಹತ್ತಿ ಆರಿತ್ರಿ. ಮರುದಿನಾನ ಪಾಳಿ ಮುಗೀತಿತ್ತು, ಅದಕ್ಕ..."

"ಅದಕ್ಕ ಏನ್ರಿ? ಅದಕ್ಕ ಬಾಯಿಗೆ ಬೀಗಾ ಹಾಕ್ಕೊಂಡು ಹ್ವಾದ್ರಿ?" ನನ್ನ ದನಿ ಕಾರಿಡಾರಿನ ತುದಿಗೆ ಕೇಳಿರಬೇಕು. ಆಮೇಲೆ ಮುಧೋಳದವರೇ ದನಿ ತಗ್ಗಿಸಿ ಹೇಳಿದರು, "ಮೇನ್ ಸ್ವಿಚ್ ತಗದಬಿಡೂಣು. ಕರೆಂಟ್ ಇಲ್ಲ ಅನ್ನೂಣು. ಹಳೇ ಗೆರಿ ತೋರಸೂಣು."

ಸುಳ್ಳು ಹೇಳುವುದು ನನಗೆ ಸೇರುವುದಿಲ್ಲ ಎಂದು ದೊಡ್ಡ ಮಾತು ಆಡಲಾರೆ. ಆ ಕ್ಷಣ ನನ್ನ ಕಣ್ಣು ಮೇನ್ ಸ್ವಿಚ್ಚಿನ ಕಡೆಗೇ ಹೋಯಿತು. ಕಾರು ಯಾವ ಗಳಿಗೆಯಲ್ಲಾದರೂ ಗೇಟಿನೊಳಗೆ ಬರಬಹುದಿತ್ತು. ಆಗ ಬೀಳಗಿಯ ಹುಡುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬಕೆಟ್ ಎಲ್ಲೈತ್ರಿ ಮೇಡಂ?" ಎಂದಳು. ಉತ್ತರಕ್ಕೂ ಕಾಯದೆ ಚಿಲ್ಲರಿನ ಅಡಿಯ ಬಿರಡೆ ಬಿಚ್ಚಿದಳು. ನೀರು ನೆಲದ ಮೇಲೆ ಹರಿಯತೊಡಗಿತು. ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ.

ಬನಹಟ್ಟಿಯವರು ಬೈಕ್ ಹತ್ತಿ ಊರಿನ ಬ್ಯಾಟರಿ ಅಂಗಡಿಗಳ ಕಡೆ ಓಡಿದರು. ನಾನು ಜಾಲರಿ ತಿಕ್ಕುತ್ತ ಕೂತೆ. ಮುಧೋಳದವರು ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತಿದ್ದರು. ಆಮೇಲೆ ಕಲ್ಲಿನ ಗಂಟನ್ನು ಮೇಜಿನ ಮೇಲಿಟ್ಟು, ಬಿಳಿ ಅಂಗಿಯ ತೋಳು ಮಡಚಿ, ನಮ್ಮೊಡನೆ ನೆಲಕ್ಕೆ ಕುಳಿತು ನೀರು ಬಳಿಯತೊಡಗಿದರು. ಪರಿಶೀಲಕರು ಬಾಗಿಲಲ್ಲಿ ಬಂದು ನಿಂತಾಗ ಕೋಣೆ ನೀರು ಹಾಯಿಸಿದ ಹೊಲದಂತಿತ್ತು.

ಅವರು ದಕ್ಷಿಣದ ಕಡೆಯ ಹಿರಿಯ ಪ್ರಾಧ್ಯಾಪಕರು, ಒಣಗಿದ ಮುಖ, ಮೆಲುದನಿ. ಒದ್ದೆ ನೆಲದಾಚೆಯೇ ನಿಂತು, "ಏನಾಗಿದೆ ಮೇಡಂ? ಯಂತ್ರ ಯಾಕೆ ನಿಂತಿದೆ?" ಎಂದರು.

"ಚಿಲ್ಲರಿಗೆ ಬೇರೆ ನೀರು ಬಿದ್ದಿದೆ ಸರ್. ಜಾಲರಿ ಕಟ್ಟಿಕೊಂಡಿದೆ."

"ಯಾರ ಪಾಳಿಯಲ್ಲಿ?"

ನಾನು ವರ್ಷದಿಂದ ಕಾದಿದ್ದ ಪ್ರಶ್ನೆ ಅದು. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಮುಧೋಳದವರ ಕಡೆ ನೋಡಿದೆ. ಹಿಂಡಿದ ಬಟ್ಟೆ ಕೈಯಲ್ಲೇ ಇತ್ತು, ಅಂಗಿಯ ಎದೆಯೆಲ್ಲ ಕೆಸರು. ನಾನು ತಲೆ ಬಗ್ಗಿಸಿ ಮತ್ತೆ ಜಾಲರಿ ತಿಕ್ಕತೊಡಗಿದೆ. ಅವರೇ ಮಂಡಿಗೆ ಕೈಯೂರಿ ಎದ್ದು ನಿಂತರು.

"ನನ್ನ ಪಾಳ್ಯಾಗರಿ. ನಾನ ಹಾಕೇನಿ. ಛಲೋ ಆಗಲಿ ಅಂತ ಹಾಕಿದ್ನಿ, ಕೆಟ್ಟದ್ದಾತು. ಶಿಕ್ಷಾ ಕೊಡೂದಿದ್ರ ನನಗ ಕೊಡ್ರಿ. ಮುಧೋಳದ ಪಾಳಿ ಕಿತ್ತ ಈ ತಂಗೀಗೆ ಕೊಡ್ರಿ. ಮಶೀನ್ ಮಾತ್ರ ಒಯ್ಯಬ್ಯಾಡ್ರಿ."

ಪಾಳಿ ಬಿಟ್ಟುಕೊಡುವ ಮಾತನ್ನು ನಮ್ಮ ಕಡೆಯವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅಷ್ಟೊತ್ತಿಗೆ ಕ್ಯಾನುಗಳನ್ನು ಹೊತ್ತು ಬಂದ ಬನಹಟ್ಟಿಯವರೂ ಏದುಸಿರು ಬಿಡುತ್ತ, "ಕೆಂಪ ದೀಪ ಕಂಡೂ ಹೇಳದ ಇದ್ದಾಂವ ನಾನರಿ," ಎಂದರು.

ಪರಿಶೀಲಕರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ನೀವು ನಾಲ್ಕೂ ಜನ ಈ ಕೋಣೆಯಲ್ಲಿ ಒಟ್ಟಿಗೆ ಇದ್ದದ್ದು ಇದಕ್ಕೆ ಮುಂಚೆ ಯಾವಾಗ?" ಎಂದು ಕೇಳಿದರು. ಯಂತ್ರ ಬಂದಿಳಿದ ದಿನ ಪೂಜೆಗೆ ಕೂಡಿದ್ದೆವು. ಅದನ್ನು ಹೇಳಲು ನಾಚಿಕೆಯಾಯಿತು.

"ಇದನ್ನು ಹಂಚಿಕೆ ಅಂತ ಹೇಗೆ ಬರೀಲಿ ನಾನು? ಅಣ್ಣತಮ್ಮಂದಿರು ಮನೆ ಮಧ್ಯೆ ಗೋಡೆ ಎಬ್ಬಿಸಿಕೊಂಡ ಹಾಗಿದೆ," ಎಂದು ಅವರು ಕುರ್ಚಿ ಎಳೆದುಕೊಂಡು ಬಾಗಿಲಲ್ಲೇ ಕೂತರು. ನಾನು ಬೀಳಗಿಯ ಹುಡುಗಿಯ ಮುಖ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

ಬ್ಯಾಟರಿ ನೀರು ತುಂಬಿ ತಿರುಗಿಸಿದೆವು, ಹೊರಗೆ ಚೆಲ್ಲಿದೆವು, ಮತ್ತೆ ತುಂಬಿದೆವು. ನಾನು ಗುಂಡಿ ಒತ್ತಿದೆ. ನೀರಿನ ಓಟ ತೋರಿಸುವ ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಆಮೇಲೆ ತಡವರಿಸುತ್ತ ಮೇಲಕ್ಕೆ ಹೋಯಿತು. ಕೆಂಪು ಆರಿ ಹಸಿರು ಬಂತು. ಪರಿಶೀಲಕರು ಗಡಿಯಾರ ನೋಡಿ, ಧಾರವಾಡಕ್ಕೆ ಹೋಗಬೇಕು, ಒಂದೇ ಸ್ಯಾಂಪಲ್ ನೋಡುವಷ್ಟು ಹೊತ್ತಿದೆ ಎಂದರು. ಪಾಳಿಯ ಪ್ರಕಾರ ಅದು ನನ್ನದು. ನನ್ನ ಸ್ಯಾಂಪಲ್ ಅರೆದು ತಟ್ಟೆಗೆ ಒತ್ತಿ ಹಿಂದಿನ ದಿನವೇ ಸಿದ್ಧವಾಗಿಟ್ಟಿದ್ದೆ. ಮುಧೋಳದವರು ನನ್ನನ್ನು ಕೇಳಲಿಲ್ಲ, ಅವಳನ್ನು ಕೇಳಿದರು.

"ಆ ದಿನ ತಂದಿದ್ದ ಪುಡಿ ಐತೇನು ತಂಗಿ?"

"ಚೀಲದಾಗ ಐತ್ರಿ."

ನನ್ನ ತಟ್ಟೆಯನ್ನು ನಾನೇ ತೆಗೆದು ಪಕ್ಕಕ್ಕಿಟ್ಟೆ. ಅವಳು ಪುಡಿ ಒತ್ತಿ ಒಳಗಿಟ್ಟಳು. ಪರದೆಯ ಮೇಲೆ ಗೆರೆ ಎಡದಿಂದ ಬಲಕ್ಕೆ ತೆವಳತೊಡಗಿತು. ಒಂದೊಂದೇ ಮುಳ್ಳು ಎದ್ದಿತು. ನಡುವೆ ಒಂದು ಕಡೆ ಚಿಕ್ಕದೊಂದು ಎದ್ದಾಗ ಮುಧೋಳದವರು ಕನ್ನಡಕ ಏರಿಸಿ ಪರದೆಗೆ ಬಾಗಿದರು.

"ಇದ ಯಾವಾಗಿಂದ ಬರಾಕತ್ತೈತಿ?"

"ಮೊದಲಿಂದಾನೂ ಬರತೈತ್ರಿ. ನಮ್ಮ ಗೈಡ್ ಅದು ಕೊಳಿ, ಬಿಡು ಅಂದಾರ್ರಿ."

"ಕೊಳಿ ಅಲ್ಲವಾ ಇದು. ಸುಣ್ಣದಕಲ್ಲು! ದಿನಾ ಇದರ ಮಾರಿ ನೋಡ್ತೇನಿ ನಾ." ಜೇಬಿನಿಂದ ಪೆನ್‌ಡ್ರೈವ್ ತೆಗೆದು ತಮ್ಮ ಕಲ್ಲಿನ ಗೆರೆಯನ್ನು ಅದರ ಮೇಲೆ ಕೂರಿಸಿದರು. ಮುಳ್ಳಿನ ಮೇಲೆ ಮುಳ್ಳು ಕೂತಿತು. ಯಂತ್ರ ಬಂದಂದಿನಿಂದ ಒಬ್ಬರ ಗೆರೆಯನ್ನು ಮತ್ತೊಬ್ಬರಿಗೆ ನೋಡಲು ಕೊಟ್ಟದ್ದು ಅದೇ ಮೊದಲು. "ನಿನ್ನ ಹೂಳಿನ್ಯಾಗ ಶಂಖದ ಹುಳದ ಚಿಪ್ಪ ಇರತಾವಿಲ್ಲೋ?"

"ಇರತಾವ್ರಿ. ಸಣ್ಣ ಸಣ್ಣು, ಭಾಳ."

"ಅವ ನೋಡು. ಭಟ್ಟ್ಯಾಗ ಸುಟ್ಟ ಸುಣ್ಣ ಆಗತಾವ. ಆಮ್ಯಾಲೆ ಹಸಿ ಹಿಡದು ಒಳಗ ಅರಳತಾವ, ಗಾಳಿಗೆ ತಿರುಗಿ ಸುಣ್ಣದಕಲ್ಲ ಆಗತಾವ. ಇಟ್ಟಂಗಿ ಒಡೀದ ಏನ ಮಾಡೀತು? ಹೂಳ ಸಾಣಿಸಿ ಚಿಪ್ಪ ತಗಿ, ಇಲ್ಲಾ ಹಿಟ್ಟಿನಂಗ ಅರಿ. ಮುಗೀತು."

ಅವಳು ಹಿಗ್ಗುತ್ತಾಳೆ ಎಂದುಕೊಂಡೆ. ಅವಳು ಪರದೆಯನ್ನೇ ನೋಡುತ್ತ ನಿಂತಳು. ಕಣ್ಣು ತುಂಬಿದ್ದವು, ಆದರೆ ಅದು ಸಿಟ್ಟು.

"ಸರ್ರ, ಆ ದಿನ ನೀವು ಇದ ಜಾಗಾದಾಗ ಕುಂತಿದ್ರಿ. ಇದ ಪುಡಿ ನನ್ನ ಚೀಲದಾಗ ಇತ್ತು. ಒಳಗ ಬಿಟ್ಟಿದ್ರ ಅವತ್ತ ಹೇಳ್ತಿದ್ರಿ. ನನ್ನ ಒಂದ ವರ್ಷ ಹೋತ್ರಿ."

ಅವರು ಸ್ಟೂಲಿನ ಮೇಲೆ ಕೂತು ಕನ್ನಡಕ ತೆಗೆದು ಒದ್ದೆ ಅಂಗಿಯಿಂದಲೇ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಬಾಗಿಲಲ್ಲಿ ಪರಿಶೀಲಕರು ಬರೆಯುವುದನ್ನು ನಿಲ್ಲಿಸಿದ್ದರು. ನನಗೆ ಆ ಮನುಷ್ಯನ ಮೇಲಿದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು. ನಾನು ಬೈಯಬೇಕೆಂದಿದ್ದ ಯಾವ ಮಾತೂ ಅಷ್ಟು ಆಳಕ್ಕೆ ಹೋಗುತ್ತಿರಲಿಲ್ಲ.

ಯಂತ್ರ ಉಳಿಯಿತು. ಪಾಳಿ ಉಳಿಯಲಿಲ್ಲ, ಅದನ್ನು ತೆಗೆಯಬೇಕೆಂಬ ಷರತ್ತಿನ ಮೇಲೆಯೇ ಪರಿಶೀಲಕರು ಯಂತ್ರವನ್ನು ನಮ್ಮಲ್ಲಿ ಉಳಿಸಿದರು. ಯಾರ ಕೆಲಸಕ್ಕೆ ಅವಸರವೋ ಅವರದು ಮೊದಲು, ಯಾರು ಬಂದರೂ ಇನ್ನೊಬ್ಬರು ಕೋಣೆಯಲ್ಲಿ ಇರಬಹುದು. ಬೀಳಗಿಯ ಹುಡುಗಿ ಗಡುವು ಮುಂದೆ ಹಾಕಿಸಿಕೊಂಡು, ಹೂಳು ಸಾಣಿಸಿ ಮತ್ತೊಂದು ಭಟ್ಟಿ ಹಚ್ಚಿದಳು. ಅದರದೊಂದು ಇಟ್ಟಂಗಿಯನ್ನು ನಮ್ಮ ಕೋಣೆಯ ಕಿಟಕಿಯಾಚೆ ಮಳೆಗೆ ಇಟ್ಟಿದ್ದಾಳೆ. ಇನ್ನೂ ಒಡೆದಿಲ್ಲ.

ಕಳೆದುಹೋದ ಆ ಒಂದು ವರ್ಷದ ಮಾತನ್ನು ಅವಳು ಮತ್ತೆ ಎತ್ತಿಲ್ಲ. ಆದರೆ ಬೀಳಗಿ ಬಸ್ಸು ಬರುವ ಹೊತ್ತಾಯಿತೆಂದರೆ ಮುಧೋಳದವರು ಎಂಥ ಕೆಲಸವಿದ್ದರೂ ಅರ್ಧಕ್ಕೆ ಬಿಟ್ಟು ಏಳುತ್ತಾರೆ. ಹೋಗಿ ಬಾಗಿಲಿನ ಎರಡೂ ಕದ ತೆರೆದು, ಗಾಳಿಗೆ ಮುಚ್ಚದಂತೆ ತಮ್ಮ ಒಂದು ಸುಣ್ಣದಕಲ್ಲನ್ನು ಅಡ್ಡ ಇಟ್ಟು ಬರುತ್ತಾರೆ.